ಶಿಕ್ಷಕರ ಮೇಲೆ ಕೈಮಾಡುವ ಚಿಕ್ಕ ಮಕ್ಕಳು ಮತ್ತು ಶಾಲಾ ಶಿಸ್ತು

(ಪೋಷಕರು, ಶಿಕ್ಷಕರು, ಮುಖ್ಯೋಪಾಧ್ಯಾಯರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಸದಸ್ಯರ ತಿಳಿವಳಿಕೆಗಾಗಿ)

1. ಪೀಠಿಕೆ

ಕಿರಿಯ ಪ್ರಾಥಮಿಕ ತರಗತಿಗಳಲ್ಲಿ ಕಲಿಯುವ ಮಕ್ಕಳು ಕೆಲವೊಮ್ಮೆ ಶಿಕ್ಷಕರನ್ನು ಹೊಡೆಯುವುದು, ಒದೆಯುವುದು, ಕಚ್ಚುವುದು, ಅವರ ಮೇಲೆ ಉಗುಳುವುದು, ಸ್ಲೇಟು ಅಥವಾ ಕಲ್ಲನ್ನು ಎಸೆಯುವುದು ಉಂಟು. ಇಂತಹ ಘಟನೆಗಳು ಬಹುಪಾಲು ಶಾಲೆಯ ಗೋಡೆಗಳ ಒಳಗೇ ಉಳಿದುಬಿಡುತ್ತವೆ. ಆರು ವರ್ಷದ ಮಗುವಿನಿಂದ ಪೆಟ್ಟಾಯಿತೆಂದು ಹೇಳಿಕೊಳ್ಳಲು ಶಿಕ್ಷಕರು ಸಂಕೋಚಪಡುತ್ತಾರೆ. ಪೋಷಕರು ದೂರು ಕೇಳಿದೊಡನೆ ಮಗುವನ್ನು ಮನೆಯಲ್ಲಿ ದಂಡಿಸುತ್ತಾರೆ. ಘಟನೆಯು ಮರುಕಳಿಸಿದಲ್ಲಿ ವರ್ಗಾವಣೆ ಪತ್ರವನ್ನು ಪಡೆದು ಬೇರೆ ಶಾಲೆಗೆ ಸೇರಿಸುವಂತೆ ಸೂಚನೆ ಬರುತ್ತದೆ. ಮಗುವಿನ ವರ್ತನೆ ಮಾತ್ರ ಹಾಗೆಯೇ ಉಳಿದು, ಶಾಲೆಯ ಹೆಸರಷ್ಟೇ ಬದಲಾಗುತ್ತದೆ.

ಹಿಂದಿನ ಕಾಲದಲ್ಲಿ ಶಿಸ್ತಿನ ಹೆಸರಿನಲ್ಲಿ ಶಾಲೆಗಳು ಎರಡು ಸಾಧನಗಳನ್ನು ಬಳಸುತ್ತಿದ್ದವು. ಒಂದು ಬೆತ್ತ, ಇನ್ನೊಂದು ಶಾಲೆಯಿಂದ ಹೊರಹಾಕುವುದು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ಇವೆರಡನ್ನೂ ನಿಷೇಧಿಸಿದೆ. ಹಾಗಿದ್ದಲ್ಲಿ ಶಾಲೆಯ ಕೈಯಲ್ಲಿ ಉಳಿದಿರುವುದೇನು ಎಂಬ ಪ್ರಶ್ನೆಯನ್ನು ಶಿಕ್ಷಕರು ಕೇಳುವುದು ಸಹಜವಾಗಿದೆ. ಈ ಪ್ರಶ್ನೆಗೆ ಕಾನೂನು, ಮಕ್ಕಳ ಬೆಳವಣಿಗೆಯ ಅರಿವು ಹಾಗೂ ಶಾಲಾ ಆಡಳಿತದ ನೆಲೆಯಲ್ಲಿ ಉತ್ತರಿಸುವುದು ಈ ಲೇಖನದ ಉದ್ದೇಶವಾಗಿದೆ. ಉತ್ತರದ ಸಾರಾಂಶ ಹೀಗಿದೆ: ಮಗು ಶಾಲೆಯಲ್ಲಿಯೇ ಉಳಿಯತಕ್ಕದ್ದು, ಪೆಟ್ಟು ತಿಂದ ಶಿಕ್ಷಕರು ಒಂಟಿಯಾಗಬಾರದು, ಇವೆರಡೂ ಒಟ್ಟಿಗೆ ನಡೆಯಬೇಕಾದರೆ ಬರವಣಿಗೆಯಲ್ಲಿರುವ, ಎಲ್ಲರಿಗೂ ಮುಂಚಿತವಾಗಿ ತಿಳಿದಿರುವ ಒಂದು ಕಾರ್ಯವಿಧಾನವು ಶಾಲೆಯಲ್ಲಿ ಇರಬೇಕು.

2. ವ್ಯಾಪ್ತಿ

ಶಿಕ್ಷಣ ಹಕ್ಕು ಅಧಿನಿಯಮದ ಪ್ರಕಾರ ಮಗು ಎಂದರೆ 6ರಿಂದ 14 ವರ್ಷದೊಳಗಿನ ಬಾಲಕ ಅಥವಾ ಬಾಲಕಿ. ಈ ಲೇಖನವು ಮುಖ್ಯವಾಗಿ ಒಂದರಿಂದ ಮೂರನೇ ತರಗತಿಯವರೆಗಿನ, ಅಂದರೆ ಸುಮಾರು 6ರಿಂದ 9 ವರ್ಷದ ಮಕ್ಕಳಿಗೆ ಸಂಬಂಧಿಸಿದೆ. ಅಂಗನವಾಡಿ ಹಾಗೂ ಪೂರ್ವ ಪ್ರಾಥಮಿಕ ತರಗತಿಗಳ ಮಕ್ಕಳ ವಿಷಯದಲ್ಲಿಯೂ ಇಲ್ಲಿ ಹೇಳಿರುವ ಪಾಲನಾ ಕ್ರಮಗಳು ಉಪಯುಕ್ತವಾಗಿವೆ. ಹಿರಿಯ ವಿದ್ಯಾರ್ಥಿಗಳು ಉದ್ದೇಶಪೂರ್ವಕವಾಗಿ ನಡೆಸುವ ಹಲ್ಲೆಯು ಬೇರೆಯೇ ವಿಷಯವಾಗಿದ್ದು, ಅದನ್ನು ಇಲ್ಲಿ ಪರಿಗಣಿಸಿಲ್ಲ.

3. ಚಿಕ್ಕ ಮಕ್ಕಳು ಏಕೆ ಕೈಮಾಡುತ್ತಾರೆ?

ಮಗು ಹೊಡೆಯುವುದನ್ನು ಶಾಲೆಯಲ್ಲಿಯೋ ನೆರೆಹೊರೆಯಲ್ಲಿಯೋ ಕಲಿತುಬಂದಿದೆ ಎಂಬುದು ಸಾಮಾನ್ಯ ನಂಬಿಕೆ. ಕೆನಡಾ ದೇಶದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ರಿಚರ್ಡ್ ಟ್ರೆಂಬ್ಲೆ ಮತ್ತು ಅವರ ಸಹೋದ್ಯೋಗಿಗಳು ಮಕ್ಕಳನ್ನು ಶೈಶವದಿಂದಲೇ ವರ್ಷಾನುಗಟ್ಟಲೆ ಗಮನಿಸಿ ಕಂಡುಕೊಂಡ ಸಂಗತಿ ಇದಕ್ಕೆ ಭಿನ್ನವಾಗಿದೆ. ಹೊಡೆಯುವ, ಕಚ್ಚುವ, ತಳ್ಳುವ ಪ್ರವೃತ್ತಿಯು ಸಾಮಾನ್ಯವಾಗಿ 2ರಿಂದ 4 ವರ್ಷದ ನಡುವೆ ಅತ್ಯಂತ ಹೆಚ್ಚಾಗಿದ್ದು, ಮಾತು, ತಾಳ್ಮೆ ಮತ್ತು ಆತ್ಮನಿಯಂತ್ರಣ ಬೆಳೆದಂತೆಲ್ಲ ಬಹುಪಾಲು ಮಕ್ಕಳಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಹೊಡೆಯದೆ ಇರುವುದನ್ನು ಮಕ್ಕಳು ಕಲಿಯಬೇಕಾಗುತ್ತದೆ. ಒಂದನೇ ತರಗತಿಗೆ ಬಂದ ಮೇಲೆಯೂ ಕೈಮಾಡುವ ಮಗುವಿನಲ್ಲಿ ಈ ಕಲಿಕೆ ಯಾವುದೋ ಕಾರಣದಿಂದ ಹಿಂದೆ ಬಿದ್ದಿರುತ್ತದೆ. ಗಮನಿಸಬೇಕಾದ ಸಾಮಾನ್ಯ ಕಾರಣಗಳು ಈ ಕೆಳಕಂಡಂತಿವೆ:

(ಅ) ಭಾಷೆಯ ತೊಡಕು: ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು ಅಥವಾ ಹಿಂದಿಯನ್ನಷ್ಟೇ ಆಡುವ ಮಗುವಿಗೆ ಶಾಲೆಯ ಭಾಷೆಯಲ್ಲಿ "ಸಾಕು", "ಗೊತ್ತಾಗಲಿಲ್ಲ", "ಹೊರಗೆ ಹೋಗಬೇಕು" ಎಂದು ಹೇಳಲು ಬಾರದಿದ್ದಾಗ ಕೈಯೇ ಮಾತಾಗುತ್ತದೆ. ಕೆಲಸವನ್ನು ಅರಸಿ ಊರೂರು ಬದಲಿಸುವ ಕಾರ್ಮಿಕರ ಮಕ್ಕಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

(ಆ) ಹಸಿವು ಮತ್ತು ನಿದ್ರೆಯ ಕೊರತೆ: ಬೆಳಗಿನ ಉಪಾಹಾರವಿಲ್ಲದೆ ಬರುವ ಮಗು ಅಕ್ಷರ ದಾಸೋಹದ ಊಟದ ಹೊತ್ತಿಗೆ ಮುನ್ನ ಕೆರಳುವುದು ಸಾಮಾನ್ಯ. ರಾಜ್ಯದಲ್ಲಿ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲನ್ನು ಅಂತಹ ಮಗು ಕುಡಿಯುತ್ತಿದೆಯೇ ಎಂಬುದನ್ನು ಗಮನಿಸುವುದು ಸಣ್ಣ ಕೆಲಸವಾದರೂ ಫಲಕಾರಿ.

(ಇ) ದೃಷ್ಟಿ ಮತ್ತು ಶ್ರವಣ ದೋಷ: ಕಪ್ಪುಹಲಗೆ ಕಾಣದ, ಸೂಚನೆ ಕೇಳಿಸದ ಮಗುವನ್ನು ಹಟಮಾರಿ ಎಂದು ತಪ್ಪಾಗಿ ತಿಳಿಯುವ ಸಂಭವವಿದೆ.

(ಈ) ಬೆಳವಣಿಗೆಗೆ ಸಂಬಂಧಿಸಿದ ಕಾರಣಗಳು: ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಅತಿಚಟುವಟಿಕೆ, ಕಲಿಕಾ ನ್ಯೂನತೆ ಮುಂತಾದವು. ಇವುಗಳನ್ನು ತಜ್ಞರು ಮಾತ್ರ ನಿರ್ಧರಿಸಬಹುದಾಗಿದ್ದು, ಶಿಕ್ಷಕರಾಗಲಿ ಪೋಷಕರಾಗಲಿ ಮಗುವಿಗೆ ಹೆಸರಿನ ಪಟ್ಟಿ ಹಚ್ಚುವುದು ಸರಿಯಲ್ಲ.

(ಉ) ಮನೆಯ ಸ್ಥಿತಿ: ಜಗಳ, ಮದ್ಯಪಾನ, ಮರಣ, ತಂದೆತಾಯಿಯರ ಅಗಲಿಕೆ, ಮಗುವಿನ ಮೇಲೆಯೇ ನಡೆಯುತ್ತಿರುವ ಹಿಂಸೆ ಅಥವಾ ಲೈಂಗಿಕ ದೌರ್ಜನ್ಯ. ಶಾಂತವಾಗಿದ್ದ ಮಗು ಹಠಾತ್ತನೆ ಬದಲಾದಲ್ಲಿ ಈ ಅಂಶವನ್ನು ಮೊದಲು ಯೋಚಿಸತಕ್ಕದ್ದು.

(ಊ) ಶಾಲೆಯಲ್ಲಿಯೇ ಇರುವ ಕಾರಣ: ಹೊಡೆತ, ಗೇಲಿ, ವಯಸ್ಸಿಗೆ ಮೀರಿದ ಬರವಣಿಗೆ, ಗಂಟೆಗಟ್ಟಲೆ ಕುಳಿತಿರಬೇಕಾದ ವ್ಯವಸ್ಥೆ.

4. ಕಾನೂನಿನ ಚೌಕಟ್ಟು

4.1 ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ

ಶಿಕ್ಷಕರೊಡನೆ ಉದ್ಧಟತನ ಮತ್ತು ದೈಹಿಕ ಹಿಂಸೆ, ಇವು ಹಿಂದೆ ಬೆತ್ತದ ಶಿಕ್ಷೆಗೆ ನಿಯಮಗಳಲ್ಲಿಯೇ ನಮೂದಾಗಿದ್ದ ಕಾರಣಗಳು. ದೆಹಲಿ ಶಾಲಾ ಶಿಕ್ಷಣ ನಿಯಮಗಳು, 1973ರ ನಿಯಮ 37 ಇಂತಹ ಸಂದರ್ಭಗಳಲ್ಲಿ ಅಂಗೈಗೆ ಹತ್ತಕ್ಕೆ ಮೀರದಷ್ಟು ಬೆತ್ತದೇಟು ನೀಡಲು ಮುಖ್ಯೋಪಾಧ್ಯಾಯರಿಗೆ ಅವಕಾಶ ಕೊಟ್ಟಿತ್ತು. ದೆಹಲಿ ಉಚ್ಚ ನ್ಯಾಯಾಲಯವು 2000ದ ಡಿಸೆಂಬರ್ 1ರಂದು ಈ ಅವಕಾಶವನ್ನು ರದ್ದುಪಡಿಸಿತು. ಭಾರತವು 1992ರಲ್ಲಿ ಸೇರ್ಪಡೆಗೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ಅನುಚ್ಛೇದವು ಶಾಲಾ ಶಿಸ್ತು ಮಗುವಿನ ಮಾನವ ಘನತೆಗೆ ಹೊಂದುವಂತಿರಬೇಕೆಂದು ಹೇಳುತ್ತದೆ.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಅಧಿನಿಯಮದ ಕಲಂ 17ರ ಅನ್ವಯ ಯಾವುದೇ ಮಗುವನ್ನು ದೈಹಿಕ ಶಿಕ್ಷೆಗೆ ಅಥವಾ ಮಾನಸಿಕ ಕಿರುಕುಳಕ್ಕೆ ಗುರಿಪಡಿಸತಕ್ಕದ್ದಲ್ಲ. ಉಲ್ಲಂಘಿಸಿದವರು ಅವರಿಗೆ ಅನ್ವಯವಾಗುವ ಸೇವಾ ನಿಯಮಗಳ ಮೇರೆಗೆ ಶಿಸ್ತು ಕ್ರಮಕ್ಕೆ ಗುರಿಯಾಗುತ್ತಾರೆ. ಮಗು ಮೊದಲು ಹೊಡೆಯಿತು ಎಂಬುದು ಈ ಕಲಮಿನಲ್ಲಿ ವಿನಾಯಿತಿಯಾಗಿ ನಮೂದಾಗಿಲ್ಲ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2012ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಹೊಡೆಯುವುದಲ್ಲದೆ ಕಿವಿ ಹಿಂಡುವುದು, ಬೆಂಚಿನ ಮೇಲೆ ನಿಲ್ಲಿಸುವುದು, ಮಂಡಿಯೂರಿಸುವುದು, ಕೋಣೆಯಲ್ಲಿ ಕೂಡಿಹಾಕುವುದು, ಅವಮಾನಕರ ಹೆಸರಿನಿಂದ ಕರೆಯುವುದು ಮುಂತಾದವುಗಳನ್ನೂ ಇದೇ ವ್ಯಾಪ್ತಿಗೆ ತರುತ್ತದೆ.

ಸರ್ವೋಚ್ಚ ನ್ಯಾಯಾಲಯವು 2014ರ ಮೇ 6ರಂದು ನೀಡಿದ ತೀರ್ಪಿನಲ್ಲಿ, ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳಿಗೆ ಸದರಿ ಅಧಿನಿಯಮವು ಅನ್ವಯವಾಗುವುದಿಲ್ಲವೆಂದು ತೀರ್ಮಾನಿಸಿತ್ತು. ಇದರಿಂದ ಅಂತಹ ಶಾಲೆಗಳಲ್ಲಿ ಮಕ್ಕಳನ್ನು ದಂಡಿಸಬಹುದೆಂದು ಭಾವಿಸತಕ್ಕದ್ದಲ್ಲ. ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಅಧಿನಿಯಮ, 2015ರ ಕಲಂ 75, ಮಗುವಿನ ಹೊಣೆಯನ್ನು ಹೊತ್ತವರು ಮಗುವಿಗೆ ಅನಗತ್ಯ ಯಾತನೆಯಾಗುವಂತೆ ಹಲ್ಲೆ ಅಥವಾ ದೌರ್ಜನ್ಯ ನಡೆಸುವುದನ್ನು ದಂಡನೀಯ ಅಪರಾಧವೆಂದು ಪರಿಗಣಿಸುತ್ತದೆ. ಶಾಲೆ ಯಾವ ವರ್ಗಕ್ಕೆ ಸೇರಿದ್ದರೂ ಈ ಕಲಂ ಅನ್ವಯಿಸುತ್ತದೆ.

4.2 ಶಾಲೆಯಿಂದ ಹೊರಹಾಕುವಿಕೆ

ಅಧಿನಿಯಮದ ಕಲಂ 16ನ್ನು 2019ರಲ್ಲಿ ತಿದ್ದುಪಡಿ ಮಾಡಿ, ಐದನೇ ಮತ್ತು ಎಂಟನೇ ತರಗತಿಗಳಲ್ಲಿ ಪರೀಕ್ಷೆ ನಡೆಸಲು ಹಾಗೂ ಸರ್ಕಾರವು ತೀರ್ಮಾನಿಸಿದಲ್ಲಿ ಅನುತ್ತೀರ್ಣರಾದವರನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ಅವಕಾಶ ಕಲ್ಪಿಸಲಾಯಿತು. ಆದರೆ ಪ್ರಾಥಮಿಕ ಶಿಕ್ಷಣವನ್ನು ಪೂರ್ಣಗೊಳಿಸುವವರೆಗೆ ಯಾವುದೇ ಮಗುವನ್ನು ಶಾಲೆಯಿಂದ ಹೊರಹಾಕತಕ್ಕದ್ದಲ್ಲ ಎಂಬ ಉಪಬಂಧವನ್ನು ತಿದ್ದುಪಡಿಯು ಹಾಗೆಯೇ ಉಳಿಸಿಕೊಂಡಿದೆ.

4.3 ಅಪರಾಧದ ಪ್ರಶ್ನೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 20ರ ಪ್ರಕಾರ, ಏಳು ವರ್ಷದೊಳಗಿನ ಮಗು ಮಾಡಿದ ಯಾವುದೇ ಕೃತ್ಯವು ಅಪರಾಧವಲ್ಲ. ಏಳು ವರ್ಷ ಮೀರಿ ಹನ್ನೆರಡು ವರ್ಷದೊಳಗಿರುವ ಮಗುವಿಗೆ ತನ್ನ ಕೃತ್ಯದ ಸ್ವರೂಪ ಮತ್ತು ಪರಿಣಾಮವನ್ನು ಅರಿಯುವಷ್ಟು ತಿಳಿವಳಿಕೆ ಬಂದಿರದಿದ್ದಲ್ಲಿ ಅದು ಕೂಡ ಅಪರಾಧವಾಗುವುದಿಲ್ಲವೆಂದು ಕಲಂ 21 ಹೇಳುತ್ತದೆ. ಹಿಂದಿನ ಭಾರತೀಯ ದಂಡ ಸಂಹಿತೆಯ ಕಲಂ 82 ಮತ್ತು 83ರಲ್ಲಿ ಇದೇ ತತ್ತ್ವವಿತ್ತು. ಆದ್ದರಿಂದ ಚಿಕ್ಕ ಮಗುವಿಗೆ ಪೊಲೀಸರ ಭಯ ತೋರಿಸುವುದು ಕಾನೂನಿನ ದೃಷ್ಟಿಯಿಂದ ಅರ್ಥಹೀನ, ಮಗುವಿನ ಮನಸ್ಸಿನ ದೃಷ್ಟಿಯಿಂದ ಹಾನಿಕರ.

4.4 ಶಿಕ್ಷಕರಿಗೆ ಸಂಬಂಧಿಸಿದ ಉಪಬಂಧ

ಕಲಂ 24 ಶಿಕ್ಷಕರ ಕರ್ತವ್ಯಗಳನ್ನು ತಿಳಿಸುತ್ತದೆ. ಪೋಷಕರೊಡನೆ ನಿಯತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಕೆ ಹಾಗೂ ಇತರ ಸಂಗತಿಗಳನ್ನು ತಿಳಿಸುವುದು ಅವುಗಳಲ್ಲಿ ಒಂದು. ಇದೇ ಕಲಮಿನ ಮೂರನೇ ಉಪಕಲಂ ಶಿಕ್ಷಕರ ಕುಂದುಕೊರತೆಗಳನ್ನು ನಿಯಮಿಸಲಾದ ರೀತಿಯಲ್ಲಿ ಪರಿಹರಿಸತಕ್ಕದ್ದೆಂದು ಹೇಳುತ್ತದೆ. ಈ ಉಪಕಲಂ ಅನೇಕ ಶಿಕ್ಷಕರ ಗಮನಕ್ಕೆ ಬಂದಿರುವುದಿಲ್ಲ. ಅದೇ ಅಧಿನಿಯಮದ ಅನುಸೂಚಿಯ ಪ್ರಕಾರ ಐದನೇ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90 ಮಕ್ಕಳಿಗೆ ಮೂವರು ಶಿಕ್ಷಕರು ಇರಬೇಕು. ತರಗತಿಯಲ್ಲಿ ಮಿತಿಮೀರಿದ ಸಂಖ್ಯೆಯ ಮಕ್ಕಳಿದ್ದಾಗ ಒಂದು ಮಗುವಿನ ಕೋಪವನ್ನು ಮುಂಚಿತವಾಗಿ ಗುರುತಿಸುವುದು ಕಷ್ಟಸಾಧ್ಯವಾದುದರಿಂದ ಶಿಕ್ಷಕರ ಕೊರತೆಯೂ ಶಿಸ್ತಿಗೆ ಸಂಬಂಧಿಸಿದ ವಿಷಯವೇ ಆಗಿದೆ.

5. ಘಟನೆಯು ನಡೆಯುತ್ತಿರುವಾಗ ಅನುಸರಿಸಬಹುದಾದ ಕ್ರಮಗಳು

(1) ಶಿಕ್ಷಕರು ಒಂದೆರಡು ಹೆಜ್ಜೆ ಹಿಂದೆ ಸರಿದು, ಮಗುವಿನ ಕೈಗೆಟಕುವ ಕೈವಾರ, ಕತ್ತರಿ, ಕಲ್ಲು ಮುಂತಾದವುಗಳನ್ನು ತೆಗೆಯುವುದು.

(2) ತಗ್ಗಿದ ಧ್ವನಿಯಲ್ಲಿ, ನಾಲ್ಕೈದು ಪದ ಮೀರದಂತೆ ಮಾತನಾಡುವುದು. "ಹೊಡೆಯಬಾರದು. ನಾನು ಇಲ್ಲೇ ಇದ್ದೇನೆ" ಎಂಬಷ್ಟು ಸಾಕು. ಕೆರಳಿದ ಮಗುವಿಗೆ ಉಪದೇಶ ಕೇಳಿಸುವುದಿಲ್ಲ.

(3) ಉಳಿದ ಮಕ್ಕಳನ್ನು ದೂರ ಸರಿಸುವುದು. ಒಬ್ಬ ಮಗುವನ್ನು ಎಳೆದೊಯ್ಯುವುದಕ್ಕಿಂತ ಇತರ ಮಕ್ಕಳನ್ನು ಜಗಲಿಗೆ ಕಳುಹಿಸುವುದು ಬಹುಪಾಲು ಸುಲಭ.

(4) ಮಗು ತನಗಾಗಲಿ ಇತರರಿಗಾಗಲಿ ಗಾಯಮಾಡುವ ಸಂಭವವಿದ್ದಲ್ಲಿ ಮಾತ್ರ ಹಿಡಿದುಕೊಳ್ಳುವುದು. ಅದೂ ಅಪಾಯ ತಪ್ಪುವಷ್ಟು ಹೊತ್ತು ಮಾತ್ರ. ನೆಲಕ್ಕೆ ಒತ್ತುವುದು, ಕೈ ತಿರುಚುವುದು, ಕಟ್ಟಿಹಾಕುವುದು ಸರ್ವಥಾ ಕೂಡದು.

(5) ಎರಡನೆಯ ವಯಸ್ಕರೊಬ್ಬರನ್ನು ಕರೆಸುವುದು. ಏಕೋಪಾಧ್ಯಾಯ ಶಾಲೆಗಳಲ್ಲಿ ಅಕ್ಷರ ದಾಸೋಹದ ಅಡುಗೆಯವರು ಅಥವಾ ಹತ್ತಿರದಲ್ಲಿರುವ ಸಮಿತಿ ಸದಸ್ಯರಲ್ಲಿ ಯಾರನ್ನು ಕರೆಯಬೇಕೆಂಬುದನ್ನು ವರ್ಷಾರಂಭದಲ್ಲಿಯೇ ಗೊತ್ತುಮಾಡಿಕೊಂಡಿರುವುದು ಉಚಿತ.

(6) ಕಚ್ಚಿದ ಗಾಯದಲ್ಲಿ ಚರ್ಮ ಒಡೆದಿದ್ದರೆ ಸಾಬೂನು ಮತ್ತು ನೀರಿನಿಂದ ಚೆನ್ನಾಗಿ ತೊಳೆದು, ಅದೇ ದಿನ ವೈದ್ಯರಿಗೆ ತೋರಿಸುವುದು. ಧನುರ್ವಾಯು ಚುಚ್ಚುಮದ್ದಿನ ಅಗತ್ಯವನ್ನು ವೈದ್ಯರು ನಿರ್ಧರಿಸುತ್ತಾರೆ.

(7) ಮಗು ಶಾಂತವಾದ ನಂತರವೇ ಮಾತುಕತೆ ನಡೆಸುವುದು. ಚೆಲ್ಲಿದ್ದನ್ನು ಎತ್ತಿಡುವುದು, ಹರಿದದ್ದನ್ನು ಅಂಟಿಸುವುದು ಮುಂತಾಗಿ ಸರಿಪಡಿಸುವ ಸಣ್ಣ ಕೆಲಸವನ್ನು ಶಿಕ್ಷಕರ ಜೊತೆಯಲ್ಲಿ ಮಾಡಿಸಬಹುದು. ಎಲ್ಲರೆದುರು ಬಲವಂತದಿಂದ ಕ್ಷಮೆ ಕೇಳಿಸುವುದರಿಂದ ಪ್ರಯೋಜನವಿಲ್ಲ.

6. ಘಟನಾ ವಹಿ

ಹಾಜರಾತಿಗೆ ವಹಿಯಿದೆ, ದಾಸ್ತಾನಿಗೆ ವಹಿಯಿದೆ, ಬಿಸಿಯೂಟಕ್ಕೂ ವಹಿಯಿದೆ. ಶಿಕ್ಷಕರಿಗೆ ಪೆಟ್ಟಾದದ್ದು ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ. ಬರೆಯದೆ ಇದ್ದಲ್ಲಿ ಮೂರು ತಿಂಗಳ ನಂತರ "ಆ ಹುಡುಗ ಯಾವಾಗಲೂ ಹೀಗೆಯೇ" ಎಂಬ ಒಂದು ಮಾತಷ್ಟೇ ಉಳಿಯುತ್ತದೆ. ಆದ್ದರಿಂದ ಪ್ರತಿ ಶಾಲೆಯಲ್ಲಿ ಒಂದು ಘಟನಾ ವಹಿಯನ್ನು ಇಡುವುದು ಸೂಕ್ತ. ಅದರಲ್ಲಿ ಇರಬೇಕಾದ ಅಂಕಣಗಳು:

ಕ್ರಮಸಂಖ್ಯೆ; ದಿನಾಂಕ ಮತ್ತು ಗಂಟೆ; ಘಟನೆಗೆ ಸ್ವಲ್ಪ ಮುನ್ನ ನಡೆಯುತ್ತಿದ್ದದ್ದು; ಮಗು ಮಾಡಿದ್ದು; ಆ ಕೂಡಲೇ ಶಿಕ್ಷಕರು ಮತ್ತು ಇತರರು ಮಾಡಿದ್ದು; ಗಾಯ ಮತ್ತು ಚಿಕಿತ್ಸೆ; ಪೋಷಕರಿಗೆ ತಿಳಿಸಿದ ವೇಳೆ; ಮುಖ್ಯೋಪಾಧ್ಯಾಯರ ಸಹಿ.

ಕಂಡದ್ದನ್ನು ಮಾತ್ರ ಬರೆಯತಕ್ಕದ್ದು. "ದುಷ್ಟತನ ತೋರಿಸಿದ" ಎಂಬುದು ಅಭಿಪ್ರಾಯ. "ಎಡಗಾಲಿಗೆ ಎರಡು ಬಾರಿ ಒದ್ದ" ಎಂಬುದು ದಾಖಲೆ. ಈ ವಹಿಯು ಮುಖ್ಯೋಪಾಧ್ಯಾಯರ ಸುಪರ್ದಿಯಲ್ಲಿ ಗೋಪ್ಯವಾಗಿರಬೇಕು. ತಮ್ಮ ಮಗುವಿಗೆ ಸಂಬಂಧಿಸಿದ ನಮೂದುಗಳನ್ನು ಪೋಷಕರಿಗೆ ತೋರಿಸಬೇಕು.

ವಹಿಯ ಉಪಯೋಗವನ್ನು ತಿಳಿಯಲು ಕಲ್ಪಿತ ಉದಾಹರಣೆಯೊಂದನ್ನು ಇಲ್ಲಿ ಕೊಡಲಾಗಿದೆ. ಎರಡನೇ ತರಗತಿಯ ಬಾಲಕನೊಬ್ಬನ ಮನೆಮಾತು ಲಂಬಾಣಿ. ಒಂದು ತಿಂಗಳಲ್ಲಿ ಶಿಕ್ಷಕಿಯನ್ನು ಹತ್ತು ಬಾರಿ ಒದ್ದಿದ್ದಾನೆ. ವಹಿಯನ್ನು ತಿರುವಿ ನೋಡಿದಾಗ ಹತ್ತರಲ್ಲಿ ಎಂಟು ಬಾರಿ ಕಾಪಿ ಬರೆಯುವ ಅವಧಿಯಲ್ಲಿಯೇ ಇದು ನಡೆದಿದೆ. ಎಂಟೂ ಬಾರಿ ಅವನನ್ನು ಮುಖ್ಯೋಪಾಧ್ಯಾಯರ ಕೊಠಡಿಗೆ ಕಳುಹಿಸಲಾಗಿದೆ. ಅಲ್ಲಿ ಅವನು ಸೀಮೆಸುಣ್ಣದ ತುಂಡುಗಳನ್ನು ಡಬ್ಬಿಗೆ ಜೋಡಿಸುತ್ತ ಅವಧಿ ಮುಗಿಯುವವರೆಗೆ ಕುಳಿತಿದ್ದಾನೆ. ಒದ್ದರೆ ಬರೆಯುವ ಕೆಲಸ ತಪ್ಪುತ್ತದೆ ಎಂಬುದನ್ನು ಶಾಲೆಯೇ ಅವನಿಗೆ ಕಲಿಸಿದಂತಾಗಿದೆ.

ಇಷ್ಟು ತಿಳಿದ ಮೇಲೆ ಪರಿಹಾರ ಕೈಗೆಟಕುತ್ತದೆ. ಬರವಣಿಗೆಯನ್ನು ಎರಡು ಸಾಲಿಗೆ ಇಳಿಸುವುದು. ಸಾಕೆನಿಸಿದಾಗ ತೋರಿಸಲು ಕೆಂಪು ರಟ್ಟಿನ ತುಂಡೊಂದನ್ನು ಕೊಡುವುದು. ಅದನ್ನು ತೋರಿಸಿದರೆ ಒದೆಯದೆಯೇ ಐದು ನಿಮಿಷದ ಬಿಡುವು ಸಿಗುವಂತೆ ಮಾಡುವುದು. ಒದ್ದಲ್ಲಿ ಶಾಂತನಾದ ಮೇಲೆ ಅದೇ ಎರಡು ಸಾಲಿಗೆ ಮರಳಿಸುವುದು. ಹೀಗೆ ಕ್ರಮ ಬದಲಿಸಿದ ಮೊದಲ ದಿನಗಳಲ್ಲಿ ಒದೆಯುವುದು ಹೆಚ್ಚಾಗಬಹುದು. ಹಳೆಯ ದಾರಿ ಇನ್ನೂ ತೆರೆದಿದೆಯೇ ಎಂದು ಮಗು ಪರೀಕ್ಷಿಸುವ ಕಾಲ ಅದು. ಆಗ ಕ್ರಮವನ್ನು ಕೈಬಿಡದಿರುವುದು ಮುಖ್ಯ. ಫಲ ದೊರೆತಿದೆಯೇ ಎಂಬುದನ್ನು ಮುಂದಿನ ತಿಂಗಳ ನಮೂದುಗಳ ಸಂಖ್ಯೆಯೇ ತಿಳಿಸುತ್ತದೆ.

7. ಪೋಷಕರೊಂದಿಗೆ ಸಭೆ

ಮೊದಲ ಘಟನೆಯ ನಂತರವೇ ಪೋಷಕರಿಗೆ ತಿಳಿಸಬೇಕು. ಹತ್ತು ಘಟನೆಗಳನ್ನು ಕೂಡಿಟ್ಟು ಒಮ್ಮೆಲೇ ಹೇಳಿದಲ್ಲಿ ಅದು ಆರೋಪಪಟ್ಟಿಯಂತೆ ಕಾಣುತ್ತದೆ. ದಿನಗೂಲಿ ಕೆಲಸಕ್ಕೆ ಹೋಗುವ ಪೋಷಕರಿಗೆ ಕೂಲಿ ತಪ್ಪದ ವೇಳೆಯನ್ನು ಕೊಡುವುದು ಒಳ್ಳೆಯದು. ಸಭೆಯನ್ನು ಮಗುವಿನ ಒಳ್ಳೆಯ ಗುಣವೊಂದರಿಂದ ಆರಂಭಿಸಿ, ವಹಿಯ ನಮೂದುಗಳನ್ನು ಓದಿ ಹೇಳಿ, ಮನೆಯಲ್ಲಿ ಇತ್ತೀಚೆಗೆ ಏನಾದರೂ ಬದಲಾವಣೆ ಆಗಿದೆಯೇ ಎಂದು ವಿಚಾರಿಸಬೇಕು. ಮನೆಗೆ ಹೋದ ನಂತರ ಮಗುವನ್ನು ಹೊಡೆಯದಂತೆ ಪೋಷಕರಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು. ಶಾಲೆಯ ದೂರಿನಿಂದ ಮನೆಯಲ್ಲಿ ಏಟು ಬಿದ್ದಲ್ಲಿ ಮರುದಿನ ಅದರ ಕೋಪ ಶಿಕ್ಷಕರ ಮೇಲೆಯೇ ತಿರುಗುತ್ತದೆ.

ಸಭೆಯ ಕೊನೆಯಲ್ಲಿ ಒಂದು ಪುಟದ ಯೋಜನೆಯನ್ನು ಬರೆಯುವುದು ಉಚಿತ: ಶಾಲೆಯು ಮಾಡುವುದೇನು, ಮನೆಯವರು ಮಾಡುವುದೇನು, ಮುಂದಿನ ಭೇಟಿ ಯಾವ ದಿನಾಂಕದಂದು. ಇಬ್ಬರೂ ಸಹಿ ಹಾಕಿ ತಲಾ ಒಂದು ಪ್ರತಿಯನ್ನು ಇಟ್ಟುಕೊಳ್ಳುವುದು. ಓದು ಬಾರದ ಪೋಷಕರಿಗೆ ಅವರ ಭಾಷೆಯಲ್ಲಿ ವಿವರಿಸುವುದು.

8. ವರ್ಗಾವಣೆ ಪತ್ರದ ವಿಷಯ

ಹೊರಹಾಕುವಿಕೆಯನ್ನು ಕಾನೂನು ನಿಷೇಧಿಸಿರುವುದರಿಂದ ಅದು ಬೇರೆ ರೂಪಗಳಲ್ಲಿ ನಡೆಯುವ ಸಂಭವವಿದೆ. ಪೋಷಕರಿಂದಲೇ ವರ್ಗಾವಣೆ ಕೋರಿ ಅರ್ಜಿ ಬರೆಸಿಕೊಳ್ಳುವುದು, ಪ್ರತಿದಿನ ಮಧ್ಯಾಹ್ನವೇ ಮಗುವನ್ನು ಕರೆದೊಯ್ಯಲು ಹೇಳುವುದು, ಮುಂದಿನ ವರ್ಷದ ಶುಲ್ಕವನ್ನು ಸ್ವೀಕರಿಸದಿರುವುದು ಇಂತಹವು. ಪೋಷಕರು ಈ ಕೆಳಕಂಡ ಅಂಶಗಳನ್ನು ಗಮನದಲ್ಲಿಡತಕ್ಕದ್ದು:

(ಅ) ವರ್ಗಾವಣೆ ಕೋರುವುದು ಪೋಷಕರ ಇಚ್ಛೆಗೆ ಬಿಟ್ಟದ್ದು. ಇಚ್ಛೆಯಿಲ್ಲದೆ ಯಾವುದೇ ಅರ್ಜಿಗೆ ಸಹಿ ಹಾಕುವ ಅವಶ್ಯಕತೆಯಿಲ್ಲ.

(ಆ) ಮಗುವನ್ನು ಕಳುಹಿಸಬೇಡಿ ಎಂದು ಮೌಖಿಕವಾಗಿ ಹೇಳಿದಲ್ಲಿ ಅದನ್ನು ಬರವಣಿಗೆಯಲ್ಲಿ ಕೊಡುವಂತೆ ವಿನಯಪೂರ್ವಕವಾಗಿ ಕೇಳಬಹುದು.

(ಇ) ಪೋಷಕರು ತಾವಾಗಿಯೇ ವರ್ಗಾವಣೆ ಬಯಸಿದಲ್ಲಿ ಮಗುವಿನ ವರ್ತನೆಯ ಕಾರಣ ನೀಡಿ ಪತ್ರವನ್ನು ತಡೆಹಿಡಿಯುವುದು ಸರಿಯಲ್ಲ.

ಶಾಲೆಗಳೂ ಗಮನಿಸಬೇಕಾದ ಸಂಗತಿಯೊಂದಿದೆ. ವರ್ಗಾವಣೆ ಪತ್ರದ ನಡತೆಯ ಅಂಕಣದಲ್ಲಿ ಏಳು ವರ್ಷದ ಮಗುವಿನ ಬಗ್ಗೆ ಬರೆದ ಒಂದು ಪದವು ಆ ಮಗುವಿಗಿಂತ ಮುಂಚೆಯೇ ಹೊಸ ಶಾಲೆಯನ್ನು ತಲುಪುತ್ತದೆ. ಹೊಸ ಶಿಕ್ಷಕರಿಗೆ ನಿಜವಾಗಿ ಉಪಯುಕ್ತವಾದುದು ಮಗು ಯಾವಾಗ ಕೆರಳುತ್ತದೆ, ಯಾವುದರಿಂದ ಶಾಂತವಾಗುತ್ತದೆ ಎಂಬ ವಿವರ. ಅದನ್ನು ಪೋಷಕರ ಒಪ್ಪಿಗೆಯೊಂದಿಗೆ ಪ್ರತ್ಯೇಕವಾಗಿ ತಿಳಿಸಬಹುದು.

9. ಶಿಕ್ಷಕರ ಹಿತರಕ್ಷಣೆ

ಮಗು ಚಿಕ್ಕದಾದರೂ ಪೆಟ್ಟು ಪೆಟ್ಟೇ. ಕನ್ನಡಕ ಒಡೆಯುವುದು, ಹಲ್ಲಿನ ಗಾಯವಾಗುವುದು, ಗರ್ಭಿಣಿ ಶಿಕ್ಷಕಿಯರಿಗೆ ಹೊಟ್ಟೆಗೆ ತಾಗುವುದು ಹಗುರವಾದ ವಿಷಯಗಳಲ್ಲ. "ಒಂದು ಮಗುವನ್ನು ನಿಭಾಯಿಸಲು ಆಗುವುದಿಲ್ಲವೇ" ಎಂಬ ಮಾತು ಶಿಕ್ಷಕರನ್ನು ಮೌನಕ್ಕೆ ತಳ್ಳುತ್ತದೆ. ಮೌನದಲ್ಲಿ ಕೂಡಿಟ್ಟ ಸಹನೆ ಒಂದು ದಿನ ಮುಗಿದು ಮಗುವಿನ ಮೇಲೆ ಕೈ ಎತ್ತುವಂತೆ ಮಾಡಬಹುದು. ಆಗ ಕಾನೂನಿನ ಕ್ರಮಕ್ಕೆ ಗುರಿಯಾಗುವವರೂ ಅದೇ ಶಿಕ್ಷಕರೇ. ಆದ್ದರಿಂದ ಶಿಕ್ಷಕರ ರಕ್ಷಣೆಯು ಮಗುವಿನ ರಕ್ಷಣೆಯ ಭಾಗವೇ ಆಗಿದೆ. ಮುಖ್ಯೋಪಾಧ್ಯಾಯರು ಕೈಗೊಳ್ಳಬಹುದಾದ ಕ್ರಮಗಳು:

(1) ಘಟನೆಯಾದ ದಿನವೇ ವಹಿಯಲ್ಲಿ ನಮೂದಿಸಿ ಸಹಿ ಮಾಡುವುದು ಹಾಗೂ ಚಿಕಿತ್ಸೆಗೆ ಕಳುಹಿಸುವುದು.

(2) ಆ ಅವಧಿಯ ಉಳಿದ ಭಾಗಕ್ಕೆ ಸಾಧ್ಯವಾದಲ್ಲಿ ಬೇರೆಯವರಿಗೆ ತರಗತಿ ವಹಿಸಿ, ಪೆಟ್ಟಾದ ಶಿಕ್ಷಕರಿಗೆ ಬಿಡುವು ಕೊಡುವುದು.

(3) ಅತಿಥಿ ಶಿಕ್ಷಕರಿಗೂ ಇದೇ ಕ್ರಮವನ್ನು ಅನುಸರಿಸುವುದು. ಮುಂದಿನ ವರ್ಷದ ನೇಮಕಾತಿಗೆ ತೊಂದರೆಯಾದೀತೆಂಬ ಅಂಜಿಕೆಯಿಂದ ಅವರು ವಿಷಯವನ್ನು ಮುಚ್ಚಿಡುವ ಸಂಭವ ಹೆಚ್ಚು.

(4) ಮರುಕಳಿಸುವ ಘಟನೆಗಳನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರವಣಿಗೆಯಲ್ಲಿ ತಿಳಿಸಿ ಕ್ಷೇತ್ರ ಸಂಪನ್ಮೂಲ ಕೇಂದ್ರದ ನೆರವನ್ನು ಕೋರುವುದು. ಇದು ಶಾಲೆಯ ವೈಫಲ್ಯವೆಂದು ಭಾವಿಸುವ ಅಗತ್ಯವಿಲ್ಲ.

10. ತಜ್ಞರ ನೆರವು

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಸಂಚಾರಿ ಆರೋಗ್ಯ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ತಪಾಸಣೆ ಮಾಡುತ್ತವೆ. ದೃಷ್ಟಿ, ಶ್ರವಣ ಮತ್ತು ಬೆಳವಣಿಗೆಯ ತೊಂದರೆ ಕಂಡುಬಂದ ಮಕ್ಕಳನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ ಕಳುಹಿಸುವ ವ್ಯವಸ್ಥೆಯಿದೆ. ತಂಡವು ಬರುವ ದಿನ ಶಿಕ್ಷಕರು ಘಟನಾ ವಹಿಯ ಆಧಾರದ ಮೇಲೆ ಅಂತಹ ಮಗುವನ್ನು ವಿಶೇಷವಾಗಿ ತೋರಿಸಬೇಕು. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಸೂಕ್ತ ಬೋಧನಾ ಕ್ರಮ ಕೈಗೊಳ್ಳುವ ಹೊಣೆಯನ್ನು ಶಿಕ್ಷಣ ಸಂಸ್ಥೆಗಳಿಗೆ ವಹಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂಬ ಸಂಗತಿ ತಿಳಿದುಬಂದಲ್ಲಿ ಅಥವಾ ನಡೆಯಬಹುದೆಂಬ ಆತಂಕವಿದ್ದಲ್ಲಿ, ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಅಧಿನಿಯಮ, 2012ರ ಕಲಂ 19ರ ಅನ್ವಯ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯವಾಗಿದೆ. ನಡೆದ ಅಪರಾಧವನ್ನು ವರದಿ ಮಾಡದಿರುವುದು ದಂಡನೀಯ.

11. ದೂರು ಮತ್ತು ಮೇಲ್ಮನವಿ

ಮಗುವಿನ ಹಕ್ಕಿಗೆ ಸಂಬಂಧಿಸಿದ ಕುಂದುಕೊರತೆಯನ್ನು ಶಿಕ್ಷಣ ಹಕ್ಕು ಅಧಿನಿಯಮದ ಕಲಂ 32ರ ಅನ್ವಯ ಅಧಿಕಾರ ವ್ಯಾಪ್ತಿಯುಳ್ಳ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದು. ಸಂಬಂಧಪಟ್ಟವರಿಗೆ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಿ 3 ತಿಂಗಳೊಳಗೆ ತೀರ್ಮಾನ ಕೈಗೊಳ್ಳತಕ್ಕದ್ದು. ತೀರ್ಮಾನವು ಸಮ್ಮತವಾಗದಿದ್ದಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಸ್ಥಳೀಯವಾಗಿ ಬಗೆಹರಿಯಬಹುದಾದ ವಿಷಯಗಳನ್ನು ಮೊದಲು ಮುಖ್ಯೋಪಾಧ್ಯಾಯರು, ನಂತರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೆ ತರುವುದು ಸೂಕ್ತ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: "ನಾಲ್ಕೇಟು ಹಾಕಿ, ನಮ್ಮ ಅಭ್ಯಂತರವಿಲ್ಲ" ಎಂದು ಪೋಷಕರೇ ಬರೆದುಕೊಟ್ಟರೆ ಹೊಡೆಯಬಹುದೇ?
ಉತ್ತರ: ಹೊಡೆಯುವಂತಿಲ್ಲ. ಪೋಷಕರ ಒಪ್ಪಿಗೆಯಿದ್ದರೆ ಶಿಕ್ಷಿಸಬಹುದೆಂಬ ವಿನಾಯಿತಿ ಕಲಂ 17ರಲ್ಲಿ ಇರುವುದಿಲ್ಲ.

ಪ್ರಶ್ನೆ: ಒಂದು ವಾರ ಮಗುವನ್ನು ಮನೆಯಲ್ಲಿ ಇರಿಸಿಕೊಳ್ಳುವಂತೆ ಶಾಲೆಯು ಹೇಳಬಹುದೇ?
ಉತ್ತರ: ಅಲ್ಪಾವಧಿಯ ಅಮಾನತಿನ ಬಗ್ಗೆ ಅಧಿನಿಯಮದಲ್ಲಿ ಪ್ರತ್ಯೇಕ ಉಪಬಂಧವಿಲ್ಲ. ಆದರೆ ಮಕ್ಕಳ ಹಾಜರಾತಿಯನ್ನು ಖಚಿತಪಡಿಸುವ ಹೊಣೆಯನ್ನು ಕಲಂ 8 ಮತ್ತು 9 ಸರ್ಕಾರ ಹಾಗೂ ಸ್ಥಳೀಯ ಪ್ರಾಧಿಕಾರಗಳಿಗೆ ವಹಿಸಿವೆ. ಪದೇ ಪದೇ ಮನೆಗೆ ಕಳುಹಿಸುವುದು ಈ ಉದ್ದೇಶಕ್ಕೆ ವಿರುದ್ಧ. ಶಾಲೆಯನ್ನು ತಪ್ಪಿಸಿಕೊಳ್ಳಬಯಸುವ ಮಗುವಿಗೆ ಅದು ಬಹುಮಾನವೂ ಆಗುತ್ತದೆ.

ಪ್ರಶ್ನೆ: ಇತರ ಪೋಷಕರು ಆ ಮಗುವನ್ನು ತೆಗೆದುಹಾಕುವಂತೆ ಒತ್ತಾಯಿಸಿದರೆ?
ಉತ್ತರ: ಒತ್ತಾಯದ ಮೇರೆಗೆ ಮಗುವನ್ನು ತೆಗೆಯಲು ಕಾನೂನಿನಲ್ಲಿ ಅವಕಾಶವಿಲ್ಲ. ಇತರ ಮಕ್ಕಳ ಸುರಕ್ಷತೆಗೆ ಕೈಗೊಂಡ ಕ್ರಮಗಳನ್ನು ಸಮಿತಿಯ ಸಭೆಯಲ್ಲಿ ಮಗುವಿನ ಹೆಸರು ಹೇಳದೆ ವಿವರಿಸಬಹುದು.

ಪ್ರಶ್ನೆ: ಮಗುವಿನ ಚಲನಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಪೋಷಕರ ಗುಂಪಿಗೆ ಕಳುಹಿಸಬಹುದೇ?
ಉತ್ತರ: ಕೂಡದು. ಅದು ಮಗುವನ್ನು ಸಾರ್ವಜನಿಕವಾಗಿ ಅವಮಾನಿಸಿದಂತಾಗುತ್ತದೆ. ಘಟನಾ ವಹಿಯ ನಮೂದು ಸಾಕು.

ಪ್ರಶ್ನೆ: ಶಿಕ್ಷೆ ಇಲ್ಲವೆಂದ ಮೇಲೆ ಮಗುವಿಗೆ ತಪ್ಪಿನ ಅರಿವಾಗುವುದು ಹೇಗೆ?
ಉತ್ತರ: ಪ್ರತಿ ಬಾರಿಯೂ ಒಂದೇ ರೀತಿಯ ಪರಿಣಾಮ ಎದುರಾದಾಗ ಅರಿವಾಗುತ್ತದೆ. ಹೊಡೆದಲ್ಲಿ ಆಟ ನಿಲ್ಲುತ್ತದೆ, ಚೆಲ್ಲಿದ್ದನ್ನು ಎತ್ತಿಡಬೇಕಾಗುತ್ತದೆ, ಬಿಟ್ಟ ಕೆಲಸಕ್ಕೆ ಮರಳಬೇಕಾಗುತ್ತದೆ. ಕೈ ತಡೆದುಕೊಂಡ ದಿನ ಶಿಕ್ಷಕರು ಅದನ್ನು ಗುರುತಿಸಿ ಹೇಳುತ್ತಾರೆ. ಶಿಕ್ಷಕರಿಂದ ಶಿಕ್ಷಕರಿಗೆ, ದಿನದಿಂದ ದಿನಕ್ಕೆ ಇದು ಬದಲಾಗದಿರುವುದೇ ಶಿಸ್ತು.

13. ಸಹಾಯವಾಣಿಗಳು

ಮಕ್ಕಳ ಸಹಾಯವಾಣಿ: 1098
ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ: 14416
ತುರ್ತು ಸಹಾಯ: 112

ಟೆಲಿ ಮಾನಸ್ ಸೇವೆಯನ್ನು 2022ರ ಅಕ್ಟೋಬರ್ 10ರಂದು ಆರಂಭಿಸಲಾಗಿದ್ದು, ಪೋಷಕರಷ್ಟೇ ಅಲ್ಲದೆ ಶಿಕ್ಷಕರು ಸಹ ತಮ್ಮ ಮನೋಭಾರವನ್ನು ಹೇಳಿಕೊಳ್ಳಲು ಕರೆಮಾಡಬಹುದಾಗಿದೆ.

ಸೂಚನೆ: ಈ ಲೇಖನವು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಕಾನೂನಿನ ಅರ್ಥದ ಬಗ್ಗೆ ಸಂದೇಹ ಬಂದಲ್ಲಿ ಸಂಬಂಧಿಸಿದ ಅಧಿನಿಯಮ ಹಾಗೂ ನಿಯಮಗಳ ಮೂಲಪಾಠವೇ ಅಂತಿಮವಾಗಿರುತ್ತದೆ. ಘಟನಾ ವಹಿ ಮತ್ತು ಸಭೆಯ ಯೋಜನೆಗೆ ಸಂಬಂಧಿಸಿದ ಸಲಹೆಗಳನ್ನು ಶಾಲೆಗಳು ತಮ್ಮ ಸ್ಥಳೀಯ ಪರಿಸ್ಥಿತಿಗೆ ತಕ್ಕಂತೆ ಅಳವಡಿಸಿಕೊಳ್ಳಬಹುದು.